ಹಿರಿಯಣ್ಣ ಗುದ್ದಿದ ಮೂರು ಅಂಕಿ

ಭದ್ರಾವತಿಯ ನ್ಯೂ ಟೌನಿನಲ್ಲಿ ಹಿರಿಯಣ್ಣನ ಮನೆ ಯಾವುದು ಎಂದು ಕೇಳಿದರೆ ಜನ ಮನೆ ತೋರಿಸುವುದಿಲ್ಲ, ಕಾರು ತೋರಿಸುತ್ತಾರೆ. ಕಾರಿನ ಹಿಂದೆ ಮನೆ ಇದೆ. ಸಾವಿರದ ಒಂಬೈನೂರ ಅರವತ್ನಾಲ್ಕರ ಫಿಯೆಟ್ ಅದು. ಬಣ್ಣ ಹಾಲಿನ ಕೆನೆಯದು, ನಂಬರು ಎಂ.ವೈ. ಎಂದು ಶುರುವಾಗುವ ಮೈಸೂರು ರಾಜ್ಯದ ಕಾಲದ್ದು. ಹಿರಿಯಣ್ಣನಿಗೆ ಈಗ ಎಪ್ಪತ್ತೊಂದು, ಕಾರಿಗೆ ಅರವತ್ತು. "ನನಗಿಂತ ಹನ್ನೊಂದು ವರ್ಷ ಚಿಕ್ಕದು, ಆದ್ರೆ ಬೆಳಿಗ್ಗೆ ಏಳೋಕೆ ನನಗಿಂತ ಜಾಸ್ತಿ ಸತಾಯಿಸುತ್ತೆ" ಎಂದು ಅವನು ಹೇಳಿದರೆ, "ಇಬ್ಬರಿಗೂ ಎದ್ದಮೇಲೆ ಕೆಮ್ಮು ಒಂದೇ" ಎಂದು ಹೆಂಡತಿ ಸೀತಾ ಒಳಗಿನಿಂದಲೇ ಒಗ್ಗರಣೆ ಹಾಕುತ್ತಾಳೆ.

ಹಿರಿಯಣ್ಣ ಕಬ್ಬಿಣದ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವನು. ಲೇಥ್ ಯಂತ್ರದ ಮುಂದೆ ಮೂವತ್ತೇಳು ವರ್ಷ ನಿಂತು ಕಬ್ಬಿಣವನ್ನು ಬೆಣ್ಣೆಯಂತೆ ತಿರುವಿದ ಕೈ. ಕಾರು ಅವನ ಕೈಗೆ ಬಂದದ್ದು ಎಂಬತ್ತಾರರಲ್ಲಿ. ಕಾರ್ಖಾನೆಯ ದೊಡ್ಡ ಎಂಜಿನಿಯರ್ ಸಾಹೇಬರು ನಿವೃತ್ತರಾಗಿ ಕೊಯಮತ್ತೂರಿಗೆ ಹೊರಟಾಗ, ಅಷ್ಟು ದೂರ ಹೋಗಲಾರದ ಗಾಡಿಯನ್ನು ಅದರ ರೋಗಗಳೆಲ್ಲ ಗೊತ್ತಿದ್ದ ಹಿರಿಯಣ್ಣನಿಗೇ ಬಿಟ್ಟುಕೊಟ್ಟರು. ಆಗ ಅವನಿಗೆ ಕಾರು ಬಿಡಲು ಬರುತ್ತಿರಲಿಲ್ಲ. ಸೆಕೆಂಡ್ ಶಿಫ್ಟಿನ ನಾಲ್ಕು ಜನ ಸೇರಿ ಮನೆಯವರೆಗೆ ತಳ್ಳಿಕೊಂಡು ಬಂದರು. ಕಾರು ಕೊಂಡವನು ನಡೆದುಕೊಂಡೇ ಮನೆಗೆ ಬಂದ ಎಂದು ಬೀದಿಯೆಲ್ಲ ನಕ್ಕಿತು. ಆಮೇಲೆ ಅದೇ ಬೀದಿಯ ಹದಿನಾರು ಬಸುರಿಯರು ಅದೇ ಕಾರಿನಲ್ಲಿ ಆಸ್ಪತ್ರೆಗೆ ಹೋದರು. ಹದಿನೈದು ಮಕ್ಕಳು ಆಸ್ಪತ್ರೆಯಲ್ಲೇ ಹುಟ್ಟಿದವು, ಒಂದು ಮಾತ್ರ ತಡೆಯಲಾಗದೆ ಮಲವಗೊಪ್ಪದ ಹತ್ತಿರ ಹಿಂದಿನ ಸೀಟಿನಲ್ಲೇ ಭೂಮಿಗೆ ಬಂತು.

ತೊಂಬತ್ತರ ದಶಕದಲ್ಲಿ ಪೆಟ್ರೋಲ್ ದುಬಾರಿ ಎಂದು ಊರಿನ ಹಳೆ ಕಾರುಗಳೆಲ್ಲ ಹೊಟ್ಟೆ ಕೊಯ್ಯಿಸಿಕೊಂಡು ಡೀಸೆಲ್ ಎಂಜಿನ್ ಹಾಕಿಸಿಕೊಂಡವು. ಹಿರಿಯಣ್ಣ ಒಪ್ಪಲಿಲ್ಲ. ಬಾಗಿಲಿನ ಹಿಡಿ ಮುರಿದರೆ, ಗಾಜು ಇಳಿಸುವ ಗುಂಡಿ ಸವೆದರೆ ತಾನೇ ಕಡೆದು ಕೂರಿಸುತ್ತಿದ್ದ. ಎಂಜಿನ್ನು, ಬಾಡಿ ಮಾತ್ರ ಬೇರೆಯದು ಬೇಡವೇ ಬೇಡ. ಅವನ ಈ ಕಾರುಬಾರಿನಲ್ಲಿ ಜೊತೆಗಾರ ಒಬ್ಬನೇ, ಮಲವಗೊಪ್ಪದಲ್ಲಿ ಗ್ಯಾರೇಜು ಇಟ್ಟಿರುವ ಲತೀಫ್. ಅವನೂ ಅರವತ್ತರ ಹತ್ತಿರದವನು, ಕಾರಿನ ವಯಸ್ಸಿನವನೇ. ಇಬ್ಬರೂ ಮೂವತ್ತು ವರ್ಷದಿಂದ ಸ್ನೇಹಿತರು, ಅಂದರೆ ಮೂವತ್ತು ವರ್ಷದಿಂದ ಜಗಳವಾಡುತ್ತಿದ್ದಾರೆ.

ಈ ವರ್ಷ ಕಾರಿನ ನೋಂದಣಿ ಪತ್ರದ, ಅಂದರೆ ಆರ್.ಸಿ.ಯ, ಅವಧಿ ಮುಗಿಯುವ ತಿಂಗಳು ಬಂತು. ಹಿಂದಿನ ಸಲ ಗಾಡಿ ಓಡಲು ಯೋಗ್ಯ ಎಂಬ ಎಫ್.ಸಿ. ಮಾಡಿಸುವಾಗಲೇ "ಮುಂದಿನ ಸಲ ಇದು ಗುಜರಿಗೇ" ಎಂದು ನಾಲ್ಕು ಜನ ಹೇಳಿದ್ದರು. ಹಿರಿಯಣ್ಣ ಆರ್.ಸಿ.ಯ ದಾರಿ ಅರಸಿ ಅರಸಿ ಸೊರಗಿದ್ದಾಗ ಲತೀಫ್ ಒಂದು ದಿನ ಸ್ಕೂಟರಿನಿಂದ ಇಳಿಯುವ ಮೊದಲೇ ಕೂಗಿದ.

"ಅಣ್ಣಾ! ನಮ್ಮ ಗಾಡಿ ಮುದುಕಿ ಅಲ್ಲ! ವಿಂಟೇಜು!"

"ಏನ್ ಮಾರಾಯ, ಅದೆರಡಕ್ಕೂ ಏನು ವ್ಯತ್ಯಾಸ?"

"ಮುದುಕಿನ ಮನೆಯಿಂದ ಆಚೆ ಹಾಕ್ತಾರೆ, ವಿಂಟೇಜನ್ನ ಷೋಕೇಸಲ್ಲಿ ಇಡ್ತಾರೆ. ಕೇಳಿ ಇಲ್ಲಿ. ಐವತ್ತು ವರ್ಷ ದಾಟಿರಬೇಕು. ಚಾಸಿಸ್ಸು, ಬಾಡಿ, ಎಂಜಿನ್ನು ಹುಟ್ಟಿದಾಗ ಹ್ಯಾಗಿತ್ತೋ ಹಾಗೇ ಇರಬೇಕು. ಕಮಿಟಿಯವರು ಬಂದು ನೋಡ್ತಾರೆ. ಪಾಸಾದ್ರೆ ಹತ್ತು ವರ್ಷಕ್ಕೆ ರಿಜಿಸ್ಟ್ರಿ. ಗುಜರಿ ಅಂತ ಯಾರೂ ಬಾಯಿ ಬಿಡೋ ಹಾಗಿಲ್ಲ. ನಂಬರೂ ಹಳೇದೇ ಇರುತ್ತೆ!"

ಹಿರಿಯಣ್ಣ ಕುರ್ಚಿಯಿಂದ ಎದ್ದು ನಿಂತ. "ಎಂ.ವೈ. ನಂಬರೇ ಇರುತ್ತಾ?"

"ಅದೇ ಇರುತ್ತೆ."

"ಸೀತಾ! ಕಾಫಿ ಮಾಡು! ಲತೀಫನಿಗೆ ಎರಡು ಲೋಟ!"

ನೋಂದಣಿ ಎಂಬ ಪದದೊಳಗೆ 'ನೊಂದ' ಎನ್ನುವುದು ಸುಮ್ಮನೆ ಸೇರಿಕೊಂಡಿಲ್ಲ. ಅರ್ಜಿಯನ್ನು ಕಂಪ್ಯೂಟರಿನಲ್ಲೇ ಹಾಕಬೇಕು. ವಿಮೆ, ಹಳೆ ಆರ್.ಸಿ., ನಾಲ್ಕು ಮಗ್ಗುಲಿನ ಫೋಟೋ ಎಲ್ಲವನ್ನೂ ಸೈಬರ್ ಅಂಗಡಿಯಲ್ಲಿ ಮೂರು ದಿನ ಕೂತು ತುಂಬಿದ್ದಾಯಿತು. ಹದಿನೈದು ದಿನಕ್ಕೆ ಉತ್ತರವೂ ಬಂತು. ಇದೇ ಗುರುವಾರ ಹನ್ನೊಂದು ಗಂಟೆಗೆ ಶಿವಮೊಗ್ಗದಲ್ಲಿ ಮೂವರ ಸಮಿತಿಯಿಂದ ತಪಾಸಣೆ. ಕೊನೆಯಲ್ಲಿ ಒಂದು ಸಾಲು: ಎಂಜಿನ್ ಹಾಗೂ ಚಾಸಿಸ್ ಸಂಖ್ಯೆಗಳು ಸ್ಪಷ್ಟವಾಗಿ ಓದುವಂತಿರಬೇಕು.

ಆ 'ಸ್ಪಷ್ಟವಾಗಿ' ಎನ್ನುವುದು ಹಿರಿಯಣ್ಣನ ತಲೆಗೆ ಹುಳ ಬಿಟ್ಟಿತು. ಮಂಗಳವಾರ ಬೆಳಿಗ್ಗೆ ಬಾನೆಟ್ ಎತ್ತಿ, ಒಳಗಿನ ತಗಡಿನ ಮೇಲೆ ಗುದ್ದಿದ್ದ ಚಾಸಿಸ್ ನಂಬರನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ ನೋಡಿದ. ಮೊದಲಿನ ಅಂಕಿಗಳು ಸರಿಯಾಗಿದ್ದವು. ಕೊನೆಯ ಮೂರನ್ನು, ನಾಲ್ಕು ಏಳು ಒಂಬತ್ತನ್ನು, ಗಾಜಿನ ಸಂದಿಯಿಂದ ತೊಟ್ಟಿಕ್ಕಿದ ಮಳೆನೀರಿನ ತುಕ್ಕು ನೆಕ್ಕಿತ್ತು. ಅಂಕಿಗಳು ಇದ್ದವು, ಆದರೆ ಅವು ಇವೆ ಎಂದು ಮೊದಲೇ ಗೊತ್ತಿದ್ದವರಿಗೆ ಮಾತ್ರ ಕಾಣುತ್ತಿದ್ದವು.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಬಾನೆಟ್ ಮುಚ್ಚಿ ದೇವರ ಮೇಲೆ ಭಾರ ಹಾಕುತ್ತಿದ್ದರು. ಹಿರಿಯಣ್ಣ ಟರ್ನರ್. ತಾನು ಕಡೆದ ಪ್ರತಿ ಸಾಮಾನಿನ ಮೇಲೂ ಜಾಬ್ ನಂಬರ್ ಗುದ್ದಿ ಕಳಿಸುವುದು ಮೂವತ್ತೇಳು ವರ್ಷದ ಅಭ್ಯಾಸ. ಬೇರೆಯವರು ಗುದ್ದಿ ನಂಬರ್ ಓದಲಾಗದ ಸಾಮಾನನ್ನು ಸ್ಟೋರಿನವರು ಹಿಂದಕ್ಕೆ ಕಳಿಸುತ್ತಿದ್ದರು, ಇವನು ಮತ್ತೊಮ್ಮೆ ಗುದ್ದಿ ಕೊಡುತ್ತಿದ್ದ. ನೇರ ಒಳಗೆ ಹೋಗಿ ಟ್ರಂಕಿನಿಂದ ಪಂಚ್ ಪೆಟ್ಟಿಗೆ ತಂದ. ಬೆರಳುದ್ದದ ಉಕ್ಕಿನ ಕಡ್ಡಿಗಳು, ಒಂದೊಂದರ ತುದಿಗೂ ಒಂದೊಂದು ಅಂಕಿ. ಕನ್ನಡಕ ಏರಿಸಿ, ಉಸಿರು ಹಿಡಿದು, ಹಳೆ ಗೆರೆಯ ಮೇಲೇ ಪಂಚ್ ಕೂರಿಸಿ ಸುತ್ತಿಗೆಯಿಂದ ಒಂದೊಂದು ಏಟು ಕೊಟ್ಟ. ಟಣ್. ಟಣ್. ಟಣ್. ಅಂಕಿಗಳು ಮದುವೆಗೆ ಹೊರಟವರ ಹಾಗೆ ಎದ್ದು ಹೊಳೆದವು.

ಹತ್ತು ಗಂಟೆಗೆ ಕಾರ್ಬುರೇಟರ್ ನೋಡಲು ಬಂದ ಲತೀಫ್ ಬಾನೆಟ್ಟಿನೊಳಗೆ ತಲೆ ಹಾಕಿದವನು ಹಾಗೇ ನಿಂತುಬಿಟ್ಟ.

"ಯಾ ಅಲ್ಲಾ! ಅಣ್ಣ, ಇದೇನಿದು?"

"ಸ್ಪಷ್ಟ ಮಾಡಿದೆ. ಹ್ಯಾಗಿದೆ?"

"ಸ್ಪಷ್ಟ ಮಾಡಿದ್ರಾ! ಚಾಸಿಸ್ ನಂಬರಿಗೆ ಸುತ್ತಿಗೆ ಮುಟ್ಟಿಸೋದು ಯಾರು ಗೊತ್ತಾ? ಗಾಡಿ ಕದಿಯೋರು! ಇನ್ಸ್‌ಪೆಕ್ಟರ್ ಮೊದಲು ನೋಡೋದೇ ಅದನ್ನ. ಗುದ್ದಿದ್ದು ಗೊತ್ತಾದ್ರೆ ಗಾಡಿ ಸೀಜು, ನಿಮ್ಮ ಮೇಲೆ ಕೇಸು!"

"ನಾನು ನಂಬರ್ ಬದಲಾಯಿಸಿಲ್ವಲ್ಲೋ! ಇದ್ದಿದ್ದನ್ನೇ ಆಳ ಮಾಡಿದೆ."

"ಅದು ನಿಮಗೆ ಗೊತ್ತು, ನನಗೆ ಗೊತ್ತು. ಅವರಿಗೆ ತಗಡು ಬಂದು ಹೇಳುತ್ತಾ?"

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದು ಹಿರಿಯಣ್ಣನಿಗೆ ಆಗ ಅರಿವಾಯಿತು. ಅರವತ್ತು ವರ್ಷ ಯಾರ ಕೈಯಲ್ಲೂ ಮೂಲ ಕೆಡದೆ ಉಳಿದಿದ್ದ ಗಾಡಿ, ತಪಾಸಣೆಗೆ ಎರಡು ದಿನ ಇರುವಾಗ ತನ್ನ ಕೈಯಲ್ಲೇ ಕೆಟ್ಟಿತೇ? ಲತೀಫ್ ತಲೆ ಕೆರೆದುಕೊಂಡು ಒಂದು ಉಪಾಯ ತೆಗೆದ. ಹಳೆ ಗ್ರೀಸಿಗೆ ಧೂಳು ಕಲಸಿ ಆ ಮೂರು ಅಂಕಿಗಳಿಗೆ ತೆಳುವಾಗಿ ಬಳಿದ.

"ಹೊಳಪು ಸತ್ತರೆ ಸಾಕು. ಗುರುವಾರ ನೀವು ಬಾಯಿ ಬಿಡಬೇಡಿ ಅಣ್ಣ, ಅಷ್ಟೇ. ಕೇಳಿದ್ರೆ ಹೂಂ, ಉಹೂಂ. ಅದಕ್ಕಿಂತ ಉದ್ದದ್ದು ಬೇಡ."

"ಅವರು ಬಾಯಿ ಮುಚ್ಚಿಕೊಂಡು ಇರೋದಾ?" ಎಂದಳು ಸೀತಾ. "ಹಾಗಾದ್ರೆ ನಾನೂ ಬರ್ತೀನಿ ನೋಡೋಕೆ."

ಗುರುವಾರ ಒಂಬತ್ತು ಗಂಟೆಗೆ ಫಿಯೆಟ್ಟು ಮೂರು ಸಲ ಕೆಮ್ಮಿ, ನಾಲ್ಕನೆಯದಕ್ಕೆ ಎದ್ದು, ಶಿವಮೊಗ್ಗದ ದಾರಿ ಹಿಡಿಯಿತು. ಮುಂದೆ ಹಿರಿಯಣ್ಣ, ಪಕ್ಕದಲ್ಲಿ ಫೈಲು ಮತ್ತು ಚಿತ್ರಾನ್ನದ ಡಬ್ಬಿ ಹಿಡಿದ ಸೀತಾ. ಮಲವಗೊಪ್ಪದಲ್ಲಿ ಲತೀಫ್ ಸ್ಪಾನರ್ ಚೀಲದ ಸಮೇತ ಹತ್ತಿಕೊಂಡ. ಎದುರಿಗೆ ಬಂದ ಲಾರಿಯವನೊಬ್ಬ ಎರಡು ಸಲ ಹಾರನ್ ಹೊಡೆದು ಸಲಾಂ ಮಾಡಿದ. ಬಸ್ಸಿನ ಕಿಟಕಿಗಳಿಂದ ಮೊಬೈಲುಗಳು ಹೊರಗೆ ಚಾಚಿದವು. ಸೀತಾ ಸೆರಗು ಸರಿ ಮಾಡಿಕೊಂಡು ಎಲ್ಲರಿಗೂ ಕೈ ಬೀಸಿದಳು. ಹಿರಿಯಣ್ಣ ಮಾತ್ರ ದಾರಿಯುದ್ದಕ್ಕೂ ಹೂಂ, ಉಹೂಂ ಎಂದು ಅಭ್ಯಾಸ ಮಾಡುತ್ತಿದ್ದ.

ಸಾರಿಗೆ ಕಚೇರಿಯ ಮೈದಾನದಲ್ಲಿ ಬೇವಿನ ಮರದ ಕೆಳಗೆ ಮೇಜು ಹಾಕಿಕೊಂಡು ಸಮಿತಿ ಕುಳಿತಿತ್ತು. ಇಬ್ಬರು ಹಿರಿಯರು, ಅವರ ಜೊತೆ ಮೋಟಾರು ವಾಹನ ನಿರೀಕ್ಷಕಿ ಪ್ರಿಯಂವದಾ. ವಯಸ್ಸು ಮೂವತ್ತೈದಿರಬಹುದು. ಹಿರಿಯರಿಬ್ಬರು ಕೂತಲ್ಲಿಂದಲೇ ನೋಡುತ್ತಿದ್ದರೆ ಆಕೆ ಗೋಣಿಚೀಲ ಹಾಸಿಕೊಂಡು ಕಾರಿನ ಅಡಿಗೇ ತೂರಿಕೊಂಡರು. ಅಡಿಯಿಂದ ಧ್ವನಿ ಮಾತ್ರ ಕೇಳಿಸುತ್ತಿತ್ತು.

"ಎಂಜಿನ್ ಒರಿಜಿನಲ್. ಬರ್ಕೊಳ್ಳಿ ಸರ್. ಬಾಡಿ ಒರಿಜಿನಲ್. ವೆಲ್ಡಿಂಗ್ ಇಲ್ಲ. ಯಜಮಾನ್ರೇ, ಇದನ್ನ ಹ್ಯಾಗೆ ಇಟ್ಕೊಂಡಿದ್ದೀರಿ ಇಷ್ಟು ಚೆನ್ನಾಗಿ?"

ಹಿರಿಯಣ್ಣ ಬಾಯಿ ತೆರೆದ. ಲತೀಫ್ ಅವನ ಕಾಲು ತುಳಿದ. "ಹೂಂ" ಎಂದ ಹಿರಿಯಣ್ಣ.

ಆಕೆ ಈಚೆ ಬಂದು, ಕೈ ಕೊಡವಿಕೊಂಡು, ಬಾಗಿಲಿನ ಹಿಡಿ ಮುಟ್ಟಿದರು. "ಇದು ಕಂಪನಿದಲ್ಲ. ಆದ್ರೆ ಸಣ್ಣ ಸಾಮಾನು, ಪರವಾಗಿಲ್ಲ. ಕಂಪನಿದಕ್ಕಿಂತ ಚೆನ್ನಾಗಿದೆ." ಹಿರಿಯಣ್ಣನ ಮುಖ ಹಬ್ಬದ ಹೋಳಿಗೆಯಂತೆ ಉಬ್ಬಿತು. ಸೀತಾ ಗಂಡನನ್ನು ನೋಡಿ ಬಾಯಿಗೆ ಸೆರಗು ಹಿಡಿದಳು.

ಕೊನೆಗೆ ಚಾಸಿಸ್ ನಂಬರು. ಪ್ರಿಯಂವದಾ ಟಾರ್ಚ್ ಹಾಕಿ ಬಗ್ಗಿದರು, ಮತ್ತಷ್ಟು ಬಗ್ಗಿದರು. ಬೆರಳಿನಿಂದ ಗ್ರೀಸ್ ಒರೆಸಿ, ಬೆರಳನ್ನೇ ಒಮ್ಮೆ ನೋಡಿಕೊಂಡರು. ಬೇವಿನ ಮರದ ಮೇಲೆ ಒಂದು ಕಾಗೆ ಕೂಗಿತು.

"ಇದಕ್ಕೆ ಯಾರೋ ಕೈ ಹಾಕಿದಾರೆ ಸರ್" ಎಂದರು ಆಕೆ, ಹಿರಿಯರ ಕಡೆ ತಿರುಗಿ. "ಕೊನೇ ಮೂರು ಅಂಕಿ ಹೊಸದಾಗಿ ಗುದ್ದಿದ್ದು. ಯಾವುದೋ ಗುಜರಿ ಗ್ಯಾರೇಜಿನ ಕೆಲಸ. ಪಂಚ್ ಹಿಡಿಯೋಕೂ ಬರದವನ ಕೈ, ಏಳು ನೋಡಿ, ಎಷ್ಟು ಸೊಟ್ಟಗಿದೆ."

ಲತೀಫ್ ಹಿರಿಯಣ್ಣನ ಕಾಲನ್ನು ಎರಡು ಸಲ ತುಳಿದ. ಇನ್ನು ಹತ್ತು ಸಲ ತುಳಿದಿದ್ದರೂ ಆಗುತ್ತಿರಲಿಲ್ಲ.

"ಪಂಚ್ ಹಿಡಿಯೋಕೆ ಬರದವನಾ!" ಹಿರಿಯಣ್ಣನ ಧ್ವನಿಗೆ ಕಾಗೆ ಹಾರಿಹೋಯಿತು. "ಮೂವತ್ತೇಳು ವರ್ಷ ಪಂಚ್ ಹಿಡಿದ ಕೈ ಮೇಡಂ ಇದು! ನಾನು ಗುದ್ದಿದ ನಂಬರು ಒಂದು ದಿನಾನೂ ಸ್ಟೋರಿಂದ ವಾಪಸ್ ಬಂದಿಲ್ಲ! ನಿಮ್ಮ ಗುಜರಿ ಗ್ಯಾರೇಜಿನವನು ಹಳೇ ಗೆರೆ ಮೇಲೆ ಕೂದಲೆಳೆ ಆಚೀಚೆ ಆಗದ ಹಾಗೆ ಗುದ್ದಲಿ ನೋಡೋಣ!"

"ಯಾ ಅಲ್ಲಾ" ಎಂದು ಲತೀಫ್ ಸ್ಪಾನರ್ ಚೀಲದ ಮೇಲೇ ಕುಳಿತುಬಿಟ್ಟ.

ಪ್ರಿಯಂವದಾ ಟಾರ್ಚ್ ಆರಿಸಿದರು. "ಅಂದ್ರೆ ನೀವೇ ಗುದ್ದಿದ್ದು."

ಹಿರಿಯಣ್ಣನಿಗೆ ತಾನು ಏನು ಹೇಳಿದೆನೆಂದು ಈಗ ಕೇಳಿಸಿತು. "ಹೂಂ" ಎಂದ. ಆಮೇಲೆ ಎಲ್ಲವನ್ನೂ ಹೇಳಿದ. ಪತ್ರದ 'ಸ್ಪಷ್ಟವಾಗಿ', ಮಳೆನೀರು, ತುಕ್ಕು, ಟ್ರಂಕು, ಮೂರು ಏಟು. ಗ್ರೀಸನ್ನೂ ಬಿಡಲಿಲ್ಲ. ಲತೀಫನ ಹೆಸರು ಮಾತ್ರ ಹೇಳಲಿಲ್ಲ, ಆದರೆ ಆ ಹೊತ್ತಿಗೆ ಲತೀಫ್ ತನ್ನ ಕರಿ ಬೆರಳುಗಳನ್ನು ಜೇಬಿಗೆ ತುರುಕಿಕೊಳ್ಳುತ್ತಿದ್ದ.

"ನಂಬಬೇಕು ಅಂತ ನನಗೂ ಇದೆ ಯಜಮಾನ್ರೇ" ಎಂದರು ಆಕೆ. ಧ್ವನಿ ತಗ್ಗಿತ್ತು. "ಆದ್ರೆ ಕೆಳಗಿದ್ದ ಅಂಕಿ ಇವೇ ಅಂತ ನಾನು ಹ್ಯಾಗೆ ಬರೀಲಿ? ಆರ್.ಸಿ. ನೋಡ್ಕೊಂಡು ಯಾರು ಬೇಕಾದ್ರೂ ಗುದ್ದಬಹುದು. ನಂಬರ್ ತಿದ್ದಿದ ಗಾಡಿ ಅಂದ್ರೆ ವಿಂಟೇಜ್ ಬಿಡಿ, ಪೊಲೀಸರಿಗೆ ಬರೆದು ಗಾಡೀನ ಇಲ್ಲೇ ನಿಲ್ಲಿಸ್ಕೋಬೇಕಾಗುತ್ತೆ."

ಸೀತಾ ಚಿತ್ರಾನ್ನದ ಡಬ್ಬಿಯನ್ನು ಬಾನೆಟ್ಟಿನ ಮೇಲಿಟ್ಟು ಮುಂದೆ ಬಂದಳು. "ಅಮ್ಮಾ, ಎಂಬತ್ತಾರರಲ್ಲಿ ಗಾಡಿ ಇವರ ಹೆಸರಿಗೆ ಮಾಡ್ಕೊಟ್ಟಿದ್ದು ಈ ಕಚೇರೀಲೇ. ಅವತ್ತು ಒಬ್ಬರು ನಂಬರಿನ ಮೇಲೆ ತೆಳ್ಳಗಿನ ಕಾಗದ ಇಟ್ಟು ಪೆನ್ಸಿಲ್ಲಲ್ಲಿ ತಿಕ್ಕಿದ್ರು. ಮಕ್ಕಳು ನಾಣ್ಯದ ಮೇಲೆ ಮಾಡ್ತಾರಲ್ಲ, ಹಾಗೆ. ಇಷ್ಟು ದೊಡ್ಡ ಆಫೀಸರು ಆಟ ಆಡ್ತಾರಲ್ಲ ಅಂತ ನನಗೆ ನಗು ಬಂದಿತ್ತು. ಆ ಕಾಗದ ಏನಾಯ್ತು?"

ಪ್ರಿಯಂವದಾ ಸೀತಾಳನ್ನೇ ನೋಡಿದರು. "ಪೆನ್ಸಿಲ್ ಪ್ರಿಂಟು!" ಎಂದವರೇ ಕಚೇರಿಯ ಕಡೆ ಕೂಗಿದರು. "ಭೂತಪ್ಪನೋರೇ! ಎಂಬತ್ತಾರರ ಕಟ್ಟು ಇದೆಯಾ?"

ರೆಕಾರ್ಡ್ ಕೋಣೆಯ ಭೂತಪ್ಪ ಹೆಸರಿಗೆ ತಕ್ಕಂತೆ ಭೂತಕಾಲದ ಒಡೆಯ. ಕಿಟಕಿಯಿಂದಲೇ ಉತ್ತರ ಕೊಟ್ಟ. "ಇರಬೇಕು ಮೇಡಂ. ಇಲಿ ತಿನ್ನದಿದ್ರೆ ಇದೆ."

ಇಲಿಗಳ ಮೇಲೆ ಹಿರಿಯಣ್ಣನ ಭವಿಷ್ಯ ನಿಂತಿತು. ಅರ್ಧ ಗಂಟೆಯಾಯಿತು, ಮುಕ್ಕಾಲು ಗಂಟೆಯಾಯಿತು. ಸಮಿತಿಯ ಹಿರಿಯರಿಗೆ ಸೀತಾ ಚಿತ್ರಾನ್ನ ಬಡಿಸಿದಳು. "ಇದು ಲಂಚ ಅಲ್ಲ, ಲಂಚು" ಎಂದು ಅವರಲ್ಲೊಬ್ಬರು ತಮ್ಮ ಜೋಕಿಗೆ ತಾವೇ ನಕ್ಕರು. ಹಿರಿಯಣ್ಣ ತಿನ್ನಲಿಲ್ಲ. ಕಾರಿನ ಸುತ್ತ ಸುತ್ತುತ್ತಿದ್ದ, ದೇವಸ್ಥಾನದಲ್ಲಿ ಹರಕೆ ಹೊತ್ತವರ ಹಾಗೆ. ಒಂದೂವರೆಗೆ ಭೂತಪ್ಪ ಅಂಗಿಯೆಲ್ಲ ಧೂಳು ಮಾಡಿಕೊಂಡು ಓಡಿಬಂದ. ಆ ವಯಸ್ಸಿನಲ್ಲಿ ಆತ ಓಡಿದ್ದನ್ನು ಕಚೇರಿಯವರು ಬಾಗಿಲಿಗೆ ಬಂದು ನಿಂತು ನೋಡಿದರು.

"ಮೂಲೆ ತಿಂದಿದಾವೆ ಮೇಡಂ. ನಂಬರ್ ತಿಂದಿಲ್ಲ!"

ಹಳದಿ ತಿರುಗಿದ ಹಾಳೆಗೆ ಬೆಣ್ಣೆ ಕಾಗದದ ಪಟ್ಟಿಯೊಂದು ಅಂಟಿತ್ತು. ಮೇಲೆ ಪೆನ್ಸಿಲಿನ ಕಪ್ಪು, ಕಪ್ಪಿನ ನಡುವೆ ಬಿಳಿಯಾಗಿ ಎದ್ದ ಅಂಕಿಗಳು. ಕೊನೆಯಲ್ಲಿ ನಾಲ್ಕು, ಏಳು, ಒಂಬತ್ತು.

"ಇದೇ! ಇದೇ ನಂಬರ್!" ಲತೀಫ್ ಎದ್ದು ಕುಣಿದ.

"ತಾಳಿ" ಎಂದರು ಪ್ರಿಯಂವದಾ. ಅಂಟನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿ ಆ ಪಟ್ಟಿಯನ್ನು ಕಾರಿನ ನಂಬರಿನ ಮೇಲೇ ಹಾಸಿದರು. ಪಾರದರ್ಶಕ ಕಾಗದ, ಪಕ್ಕದಿಂದ ಟಾರ್ಚಿನ ಓರೆ ಬೆಳಕು. ಮುಟ್ಟದೇ ಉಳಿದಿದ್ದ ಮೊದಲಿನ ಅಂಕಿಗಳು ಒಂದರ ಮೇಲೊಂದು ಕುಳಿತವು. ನಾಲ್ಕರ ಅಂಕಿಯೂ ಕುಳಿತಿತು. ಏಳು? ಪೆನ್ಸಿಲಿನ ಏಳು ಬಲಕ್ಕೆ ವಾಲಿ, ಸಾಲಿಗಿಂತ ಕೂದಲೆಳೆ ಮೇಲೆ ನಿಂತಿತ್ತು. ತಗಡಿನ ಏಳೂ ಅಷ್ಟೇ ವಾಲಿ, ಅಷ್ಟೇ ಮೇಲೆ ನಿಂತಿತ್ತು. ಒಂದು ಇನ್ನೊಂದನ್ನು ನುಂಗಿಕೊಂಡಿತು. ಒಂಬತ್ತೂ ಕುಳಿತಿತು.

ಹಿರಿಯರಿಬ್ಬರೂ ಎದ್ದು ಬಂದು ಬಗ್ಗಿ ನೋಡಿದರು. ಮೂವರ ತಲೆಗಳೂ ಬಾನೆಟ್ಟಿನೊಳಗೆ ಹೋಗಿ ಹಿರಿಯಣ್ಣನಿಗೆ ಬೆನ್ನುಗಳು ಮಾತ್ರ ಕಾಣುತ್ತಿದ್ದವು.

ಪ್ರಿಯಂವದಾ ತಲೆ ಈಚೆ ತೆಗೆದರು. "ಆರ್.ಸಿ. ನೋಡ್ಕೊಂಡು ಗುದ್ದಿದವನು ಏಳನ್ನ ನೆಟ್ಟಗೆ ಗುದ್ದುತ್ತಿದ್ದ. ಈ ಸೊಟ್ಟ ಅವನಿಗೆ ಗೊತ್ತಾಗ್ತಿರಲಿಲ್ಲ. ಅಲ್ವಾ ಸರ್? ಯಜಮಾನ್ರೇ, ಒಂದು ಕೇಳ್ತೀನಿ. ನಿಮ್ಮಂಥ ಕೈಯವರಿಗೆ ಇದನ್ನ ಸರಿ ಮಾಡೋಣ ಅನ್ನಿಸಲಿಲ್ವಾ?"

"ಅನ್ನಿಸ್ತು ಮೇಡಂ. ಕೈ ಕೆರೀತು." ಹಿರಿಯಣ್ಣ ಕೆನ್ನೆ ಉಜ್ಜಿಕೊಂಡ. "ಪಂಚನ್ನ ನೆಟ್ಟಗೆ ಹಿಡಿದೂ ಇದ್ದೆ. ಆಮೇಲೆ ಅಂದ್ಕೊಂಡೆ, ಅವತ್ತು ಆ ಕಾರ್ಖಾನೇಲಿ ಇದನ್ನ ಗುದ್ದಿದವನು ನನ್ನ ಹಾಗೇ ಒಬ್ಬ. ಶಿಫ್ಟ್ ಮುಗಿಯೋ ಹೊತ್ತಾಗಿತ್ತೋ, ಪಕ್ಕದವನು ಮಾತಾಡಿಸಿದನೋ, ಕೈ ವಾಲಿದೆ. ಅವನ ಕೆಲಸ ಅದು. ತಿದ್ದೋಕೆ ನಾನ್ಯಾರು? ವಾಲಿಸೇ ಗುದ್ದಿದೆ."

ಸೀತಾ ಗಂಡನನ್ನು ಹೊಸಬನನ್ನು ನೋಡುವಂತೆ ನೋಡಿದಳು. ನಲವತ್ತಾರು ವರ್ಷದ ಸಂಸಾರದಲ್ಲಿ ಅವಳ ಸಾರಿನ ಉಪ್ಪನ್ನು ತಿದ್ದದೆ ಬಿಟ್ಟವನಲ್ಲ ಅವನು.

ಪ್ರಿಯಂವದಾ ಮೇಜಿಗೆ ಹೋಗಿ ಬರೆಯಲು ಕುಳಿತರು. ಬರೆದದ್ದನ್ನು ಓದಿಯೂ ಹೇಳಿದರು. ಕೊನೆಯ ಮೂರು ಅಂಕಿಗಳನ್ನು ಮಾಲೀಕರೇ ಆಳಗೊಳಿಸಿದ್ದಾರೆ, ಕಚೇರಿಯ ಹಳೆಯ ಪೆನ್ಸಿಲ್ ಪ್ರಿಂಟಿನೊಂದಿಗೆ ಪೂರ್ತಿ ತಾಳೆಯಾಗಿದೆ, ಮಾಲೀಕರಿಂದ ಅಫಿಡವಿಟ್ ಪಡೆದು ವಿಂಟೇಜ್ ನೋಂದಣಿಗೆ ಶಿಫಾರಸು ಮಾಡಿದೆ, ಹಳೆಯ ನಂಬರನ್ನೇ ಉಳಿಸಬಹುದು. ಮೂರು ಸಹಿಗಳು ಬಿದ್ದವು. ಲತೀಫ್ ಭೂತಪ್ಪನನ್ನು ಧೂಳಿನ ಸಮೇತ ತಬ್ಬಿಕೊಂಡ. ಹಿರಿಯಣ್ಣ ನಗಬೇಕೋ ಅಳಬೇಕೋ ತಿಳಿಯದೆ, ತಣ್ಣಗಾಗಿದ್ದ ಚಿತ್ರಾನ್ನವನ್ನು ಡಬ್ಬಿಯಿಂದಲೇ ಗಬಗಬ ತಿನ್ನತೊಡಗಿದ.

"ಸರ್ಟಿಫಿಕೇಟು ಬರೋಕೆ ಎರಡು ತಿಂಗಳಾಗಬಹುದು" ಎಂದರು ಪ್ರಿಯಂವದಾ. "ಇನ್ನೊಂದು ಮಾತು. ಇನ್ನು ಮೇಲೆ ಸುತ್ತಿಗೆ ಹಿಡ್ಕೊಂಡು ಇದರ ಹತ್ತಿರ ಹೋಗಬೇಡಿ. ಗಾಡೀನ ದಿನಬಳಕೆಗೂ ತಗೊಂಡು ಹೋಗೋ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸೋಕೆ, ಇಷ್ಟಕ್ಕೆ ಮಾತ್ರ."

ಹಿರಿಯಣ್ಣನ ಕೈಯ ತುತ್ತು ಬಾಯಿಯ ಹತ್ತಿರವೇ ನಿಂತಿತು. "ಸಂತೆಗೆ? ಪ್ರತಿ ವಾರ ನಾವು ತರಕಾರಿಗೆ ಇದರಲ್ಲೇ ಹೋಗೋದು ಮೇಡಂ."

"ಸಂತೆಗೆ ಇಲ್ಲ."

"ಆಸ್ಪತ್ರೆಗೆ?"

"ಅದಕ್ಕೆ ಆಂಬುಲೆನ್ಸ್ ಇದೆ ಯಜಮಾನ್ರೇ."

ಹಿರಿಯಣ್ಣ ತುತ್ತು ನುಂಗಿ, ಕಾರನ್ನು ನೋಡಿದ, ಹೆಂಡತಿಯನ್ನು ನೋಡಿದ, ಮತ್ತೆ ಕಾರನ್ನು ನೋಡಿದ. ಗುಜರಿಯಿಂದ ಪಾರಾದ ಗಾಡಿ ಷೋಕೇಸಿಗೆ ಸೇರುವುದೆಂದರೆ ಇದೇ ಎಂದು ಅವನಿಗೆ ಈಗ ಹೊಳೆದಿರಬೇಕು. ಸ್ವಲ್ಪ ಹೊತ್ತು ಲೆಕ್ಕ ಹಾಕುವವನಂತೆ ಆಕಾಶ ನೋಡಿದ.

"ಪೆಟ್ರೋಲ್ ಹಾಕಿಸೋಕೆ ಹೋಗಬಹುದು ಅಂದ್ರಿ."

"ಹೋಗಬಹುದು."

"ಬಂಕು ಸಂತೆಯಿಂದ ಆಚೆಗಿದೆ."

"ಇರಲಿ, ಹೋಗಬಹುದು" ಎಂದರು ಪ್ರಿಯಂವದಾ, ನಗು ತಡೆಯುತ್ತಾ.

"ಸರಿ ಮೇಡಂ" ಎಂದ ಹಿರಿಯಣ್ಣ, ಡಬ್ಬಿಯ ಮುಚ್ಚಳ ಹಾಕುತ್ತಾ. "ಹಾಗಾದ್ರೆ ಇನ್ನು ಮೇಲೆ ಅರ್ಧರ್ಧ ಲೀಟರೇ ಹಾಕಿಸ್ತೀನಿ."